ಓದುಗರ ಪ್ರಶ್ನೆ: ಸಹಿ ಸಂಗ್ರಹದಿಂದ ಸರ್ಕಾರ ಹಣ ಕೊಡುತ್ತದೆಯೇ?

ಪ್ರಶ್ನೆ: ಅಮೆರಿಕದಲ್ಲಿರುವ ನಮ್ಮ ಚರ್ಚ್‌ನಲ್ಲಿ, ಬಡ ದೇಶಗಳಲ್ಲಿನ ಏಡ್ಸ್, ಕ್ಷಯ, ಮಲೇರಿಯಾ ತಡೆಗೆ ಸರ್ಕಾರ ಹೆಚ್ಚು ಹಣ ಕೊಡಲಿ ಎಂದು ಸಹಿ ಸಂಗ್ರಹಿಸುತ್ತಿದ್ದಾರೆ. ಇದರಿಂದ ಪ್ರಯೋಜನವಿದೆಯೇ?

ಉತ್ತರ: ಸಹಿಯ ಕಟ್ಟಿನಿಂದ ಹೆಚ್ಚೇನೂ ಆಗದು. ಒಂದೇ ಒಕ್ಕಣೆಯ ನೂರು ಕಾಗದ ಬಂದರೆ ಸಂಸದರ ಕಚೇರಿಯವರು ಎಣಿಸಿ ಲೆಕ್ಕಕ್ಕೆ ಸೇರಿಸುತ್ತಾರೆ, ಅಷ್ಟೇ. ಹತ್ತೇ ಜನ ತಂತಮ್ಮ ಮಾತಿನಲ್ಲಿ ಒಂದೊಂದು ಪುಟ ಬರೆದರೆ ಯಾರಾದರೂ ಕೂತು ಓದಬೇಕಾಗುತ್ತದೆ. ಬರೆಯುವುದು ನಿಮ್ಮ ಕ್ಷೇತ್ರದ ಸಂಸದರಿಗೇ ಆಗಿರಲಿ, ವಿಳಾಸವೂ ಇರಲಿ. ಪಕ್ಕದ ಕ್ಷೇತ್ರದವರ ಪತ್ರಕ್ಕೆ ಅಲ್ಲಿ ಬೆಲೆಯಿಲ್ಲ.

'ಬಡವರಿಗೆ ನೆರವಾಗಿ' ಎಂದು ಬರೆದರೆ 'ಖಂಡಿತ' ಎಂಬ ಉತ್ತರ ಬಂದು ಅಲ್ಲಿಗೆ ಮುಗಿಯುತ್ತದೆ. ಮೊದಲ ಸಾಲಿನಲ್ಲೇ ನಿಧಿಯ ಹೆಸರು, ಆರ್ಥಿಕ ವರ್ಷ, ಮೊತ್ತ ಮೂರೂ ಇರಬೇಕು. ಈ ಮೂರು ರೋಗಗಳ ತಡೆಗೆಂದು 2002ರಲ್ಲಿ ಶುರುವಾದ ಅಂತರರಾಷ್ಟ್ರೀಯ ನಿಧಿಯಾದ ಗ್ಲೋಬಲ್ ಫಂಡ್‌ಗೆ ದಾನಿ ದೇಶಗಳು ಮೂರು ವರ್ಷಕ್ಕೊಮ್ಮೆ ವಾಗ್ದಾನ ಮಾಡುತ್ತವೆ. 2022ರಲ್ಲಿ 600 ಕೋಟಿ ಡಾಲರ್ ಎಂದಿದ್ದ ಅಮೆರಿಕ 2025ರಲ್ಲಿ 460 ಕೋಟಿಗೆ ಇಳಿಯಿತು. ಆದರೆ ವಾಗ್ದಾನ ಹಣವಲ್ಲ. ವರ್ಷ ವರ್ಷವೂ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಮಂಜೂರು ಮಾಡಿದರಷ್ಟೇ ಹಣ. ನಿಮ್ಮ ಪತ್ರಕ್ಕೆ ಕೆಲಸವಿರುವುದು ಅಲ್ಲಿ. ಇನ್ನೊಂದು: ಕಾನೂನಿನ ಪ್ರಕಾರ ಅಮೆರಿಕದ ಪಾಲು ಒಟ್ಟು ದೇಣಿಗೆಯ ಶೇ 33 ಮೀರುವಂತಿಲ್ಲ. ಅಂದರೆ ಅದು 1 ಡಾಲರ್ ಹಾಕಬೇಕಾದರೆ ಉಳಿದವರು ಸುಮಾರು 2 ಡಾಲರ್ ಹಾಕಿರಬೇಕು. 'ಎಲ್ಲ ಭಾರ ನಮ್ಮ ಮೇಲೇ ಏಕೆ' ಎನ್ನುವ ಸಂಸದರ ಮುಂದೆ ಇದಕ್ಕಿಂತ ಒಳ್ಳೆಯ ವಾದ ನಮಗೆ ಕಾಣುವುದಿಲ್ಲ.

ಆರ್ಥಿಕ ವರ್ಷ ಶುರುವಾಗುವುದು ಅಕ್ಟೋಬರ್ 1ಕ್ಕೆ. ಸಂಸದರು ತಮ್ಮ ಬೇಡಿಕೆಗಳನ್ನು ಯಾವುದಕ್ಕೆ ಎಷ್ಟು ಹಣ ಎಂದು ತೀರ್ಮಾನಿಸುವ ವಿನಿಯೋಗ ಸಮಿತಿಗೆ ಕೊಡುವುದು ಸಾಮಾನ್ಯವಾಗಿ ಅದಕ್ಕೆ ಎಷ್ಟೋ ಮುಂಚೆ, ವಸಂತದಲ್ಲಿ. ಫೆಬ್ರವರಿಯಲ್ಲೇ ಬರೆಯಿರಿ, ಸೆಪ್ಟೆಂಬರ್‌ನಲ್ಲಿ ಬರೆಯುವುದು ಬಸ್ಸು ಹೋದ ಮೇಲೆ ಕೈ ಅಡ್ಡ ಹಿಡಿದಂತೆ. ವಾಷಿಂಗ್ಟನ್‌ಗೆ ಅಂಚೆಯಲ್ಲಿ ಕಳಿಸಬೇಡಿ. 2001ರಲ್ಲಿ ಯಾರೋ ಅಂಚೆಯಲ್ಲಿ ಆಂಥ್ರಾಕ್ಸ್ ರೋಗಾಣು ಕಳಿಸಿದ ಪ್ರಕರಣದ ನಂತರ ಅಲ್ಲಿನ ಟಪಾಲು ತಪಾಸಣೆಯಾಗಿಯೇ ಕೈಸೇರುವುದರಿಂದ ಬಹಳ ತಡವಾಗುತ್ತದೆ. ಸಂಸದರ ವೆಬ್‌ಸೈಟ್‌ನ ಫಾರ್ಮ್ ಅಥವಾ ಕ್ಷೇತ್ರದ ಕಚೇರಿ ವಾಸಿ.

ಪ್ರಶ್ನೆ: ಇದರಿಂದ ಚರ್ಚ್‌ನ ತೆರಿಗೆ ವಿನಾಯಿತಿಗೆ ಕುತ್ತು ಬಂದೀತೇ?

ಉತ್ತರ: ಮಸೂದೆ, ಅನುದಾನದ ಬಗ್ಗೆ ಒತ್ತಾಯಿಸಬಹುದು, ಅದು ಚರ್ಚ್‌ನ ಚಟುವಟಿಕೆಯ ದೊಡ್ಡ ಪಾಲಾಗಬಾರದು, ಅಷ್ಟೇ. ಅಭ್ಯರ್ಥಿಯ ಪರ ಅಥವಾ ವಿರುದ್ಧ ಚುನಾವಣಾ ಪ್ರಚಾರಕ್ಕೆ ಇಳಿಯಬೇಡಿ.

ಪ್ರಶ್ನೆ: ಸಂಸದರ ಮುಂದೆ ಬೈಬಲ್ ಮಾತು ಎತ್ತಬಹುದೇ?

ಉತ್ತರ: ಧಾರಾಳವಾಗಿ, ಒಂದು ವಾಕ್ಯದಷ್ಟು. ಬೈಬಲಿನ ಯಾಜಕಕಾಂಡದಲ್ಲಿ ಬರುವ ಜೂಬಿಲಿ ವರ್ಷದ (ಐವತ್ತನೇ ವರ್ಷ ಜೀತದವರನ್ನು ಬಿಡಿಸಿ, ಜಮೀನನ್ನು ಮೂಲದವರಿಗೆ ಮರಳಿಸುವ) ಕಲ್ಪನೆಯನ್ನೇ ಹಿಡಿದು ಜೂಬಿಲಿ 2000 ಚಳವಳಿ ಬಡ ದೇಶಗಳ ಸಾಲಮನ್ನಾ ಕೇಳಿತು. 1998ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಜಿ8 (ಎಂಟು ಪ್ರಬಲ ದೇಶಗಳ ಕೂಟ) ಸಭೆಯ ಹೊತ್ತಿಗೆ ಸುಮಾರು 70,000 ಜನ ಮಾನವ ಸರಪಳಿ ಕಟ್ಟಿದರು. ಮರುವರ್ಷ ಕಲೋನ್‌ನಲ್ಲಿ ಜಿ8 ನಾಯಕರು ಹೆಚ್ಚಿನ ಸಾಲ ಪರಿಹಾರಕ್ಕೆ ಒಪ್ಪಿದರು. ಅಲ್ಲಿಯೂ ಧರ್ಮದ ಮಾತಿನ ಬೆನ್ನಿಗೆ ಖಚಿತ ಬೇಡಿಕೆ ಇತ್ತು. ಸಂಸದರ ಕಚೇರಿಯ ಭೇಟಿಗೆ ನಾಲ್ಕೈದು ಜನ ಸಾಕು. ಬಹುತೇಕ ಸಿಗುವವರು ಸಂಸದರಲ್ಲ, ಅವರ ಸಹಾಯಕರು, ಅದೂ ಹದಿನೈದು ನಿಮಿಷ. ಬೇಸರಪಡಬೇಡಿ, ಟಿಪ್ಪಣಿ ಬರೆಯುವವರು ಅವರೇ. ಪ್ರವಚನಕ್ಕೆ ಹತ್ತು ನಿಮಿಷ ಹೋದರೆ ಮೊತ್ತ ಹೇಳುವ ಮೊದಲೇ ಎದ್ದು ಬರಬೇಕಾದೀತು. ವಾರದೊಳಗೆ ಅದೇ ಮೊತ್ತವನ್ನು ನೆನಪಿಸಿ ಮೇಲ್ ಹಾಕಿ.