ಟೀ ಅಂದ್ರೆ ಊಟ, ಆರ್ವೋ ಅಂದ್ರೆ ಮಧ್ಯಾಹ್ನ

ರೆಸಾರ್ಟ್ ಕೆಲಸಕ್ಕೆ ಸೇರುವ ಮೊದಲು ಇಂಗ್ಲಿಷ್ ಸ್ಲ್ಯಾಂಗ್ ಅಂದ್ರೆ ಏನು, ಎಷ್ಟು ಬಗೆ ಅಂತ ತಿಳ್ಕೋಬೇಕು ಅಂದಿದ್ದೀರಿ. ಜೊತೆಗೆ ನಮ್ಮ ಕೊಡಗಿನ ಕಡೆ ಆಡುವ ಅರೆಭಾಷೆಯೂ ಕನ್ನಡದ ಸ್ಲ್ಯಾಂಗೇ ಅಲ್ವಾ ಅಂತ ಕೇಳಿದ್ದೀರಿ.

ಕೊನೆಯದನ್ನು ಮೊದಲು ಹೇಳಿಬಿಡುತ್ತೇನೆ. ಖಂಡಿತ ಅಲ್ಲ. ನಾನು ಮನೆಯಲ್ಲಿ ಅರೆಭಾಷೆ ಆಡಿ ಬೆಳೆದವನು. ಅಜ್ಜಿಯಿಂದ ಮೊಮ್ಮಗುವಿನ ತನಕ ಎಲ್ಲರೂ, ಅಡುಗೆಮನೆಯಿಂದ ಸಾವಿನ ಮನೆಯ ತನಕ ಎಲ್ಲದಕ್ಕೂ ಆಡುವ ಮಾತು ಅದು, ಅದಕ್ಕೆ ಅದರದೇ ವ್ಯಾಕರಣ ಇದೆ, ಮಡಿಕೇರಿಯಲ್ಲಿ ಅಕಾಡೆಮಿಯೂ ಇದೆ. ಸ್ಲ್ಯಾಂಗ್ ಅಂದ್ರೆ ಒಂದು ಗುಂಪಿನವರು ತಮ್ಮತಮ್ಮಲ್ಲಿ ಸಲಿಗೆಯಿಂದ ಬಳಸುವ ಪದಗಳು. ಕಾಲೇಜು ಹುಡುಗರ 'ಸಖತ್', 'ಮಗಾ' ಇದ್ದ ಹಾಗೆ.

ಮಡಿಕೇರಿ ಹತ್ತಿರ ನಮ್ಮದೊಂದು ಚಿಕ್ಕ ಹೋಂಸ್ಟೇ ಇದೆ. ಈ ವ್ಯತ್ಯಾಸ ನನಗೆ ಸರಿಯಾಗಿ ತಿಳಿದದ್ದು ಅಲ್ಲೇ. ಉತ್ತರ ಇಂಗ್ಲೆಂಡಿನ ದಂಪತಿ ತೋಟ ಸುತ್ತಲು ಹೊರಟವರು "ಟೀ ಹೊತ್ತಿಗೆ ಬರುತ್ತೇವೆ" ಅಂದರು. ನಾವು ನಾಲ್ಕು ಗಂಟೆಗೆ ಟೀ ಕಾಸಿ ಕಾದೆವು. ಅವರು ಬಂದದ್ದು ಆರೂವರೆಗೆ, ಚೆನ್ನಾಗಿ ಹಸಿದುಕೊಂಡು! ಅವರ ಕಡೆ ಎಷ್ಟೋ ಜನ ಸಂಜೆಯ ಊಟಕ್ಕೇ 'ಟೀ' ಅನ್ನುತ್ತಾರೆ. ಅದು ಆ ಸೀಮೆಯ ಆಡುಮಾತು. ಇನ್ನೊಮ್ಮೆ ಆಸ್ಟ್ರೇಲಿಯಾದ ಹುಡುಗಿಯೊಬ್ಬಳು 'ಆರ್ವೋ' ಅಬ್ಬಿ ಫಾಲ್ಸಿಗೆ ಹೋಗಬಹುದಾ ಅಂತ ಕೇಳಿದಳು. ಆಫ್ಟರ್‌ನೂನ್ ಅನ್ನೋದನ್ನು ಮೊಟಕು ಮಾಡಿದ ಪದ. ಇದು ಸ್ಲ್ಯಾಂಗ್. ಬ್ರೇಕ್‌ಫಾಸ್ಟ್ 'ಬ್ರೆಕ್ಕಿ' ಆಗೋದೂ, ಪೆಟ್ರೋಲ್ ಬಂಕ್, ಅಂದ್ರೆ ಸರ್ವಿಸ್ ಸ್ಟೇಷನ್, 'ಸರ್ವೋ' ಆಗೋದೂ ಹೀಗೇ.

ನನಗೆ ತುಂಬಾ ಇಷ್ಟವಾದದ್ದು ಲಂಡನ್ನಿನ ಈಸ್ಟ್ ಎಂಡ್‌ನಲ್ಲಿ 19ನೇ ಶತಮಾನದಲ್ಲಿ ಬೆಳೆದ ಪ್ರಾಸದ ಸ್ಲ್ಯಾಂಗ್. ಮೆಟ್ಟಿಲಿಗೆ ಸ್ಟೇರ್ಸ್ ಅನ್ನುವ ಬದಲು ಪ್ರಾಸ ಕೂಡುವ 'ಆಪಲ್ಸ್ ಅಂಡ್ ಪೇರ್ಸ್' ಅನ್ನುತ್ತಾರೆ. ಎಷ್ಟೋ ಸಲ ಪ್ರಾಸದ ಪದವೇ ಉದುರಿ ಹೋಗುತ್ತದೆ. ಹೆಡ್‌ಗೆ 'ಲೋಫ್ ಆಫ್ ಬ್ರೆಡ್' ಅಂತ ಮಾಡಿಕೊಂಡು, ಬ್ರೆಡ್ ಬಿಟ್ಟು ಬರೀ 'ಲೋಫ್' ಉಳಿಸಿಕೊಂಡರು, ಹಾಗಾಗಿ 'ಯೂಸ್ ಯುವರ್ ಲೋಫ್' ಅಂದ್ರೆ ಸ್ವಲ್ಪ ತಲೆ ಓಡಿಸು ಅಂತ. ಪಕ್ಕದಲ್ಲಿ ನಿಂತ ಹೊರಗಿನವನಿಗೆ ಏನೂ ತಿಳಿಯೋದಿಲ್ಲ, ಎಂಥಾ ಜಾಣತನ ನೋಡಿ. ಪದವನ್ನು ಹಿಂದುಮುಂದು ಮಾಡುವ ಬಗೆಯೂ ಇದೆ. ಬಾಯ್ ತಿರುಗಿಸಿದರೆ 'ಯಾಬ್', ಈಗ ಅದಕ್ಕೆ ಪುಂಡ ಹುಡುಗ ಅನ್ನುವ ಅರ್ಥ.

ಸೈನ್ಯಕ್ಕೆ ಹೋದವರು ಇಷ್ಟೊಂದು ಇರುವ ನಮ್ಮ ಜಿಲ್ಲೆಯವರಿಗೆ ಸಿಪಾಯಿಗಳ ಸ್ಲ್ಯಾಂಗ್ ಹಿಡಿಸುತ್ತದೆ. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರು 'ವಿಲಾಯತಿ'ಯನ್ನೇ 'ಬ್ಲೈಟಿ' ಮಾಡಿಕೊಂಡರು. ಅಂದ್ರೆ ತಾಯ್ನಾಡು, ಇಂಗ್ಲೆಂಡ್. ಮೊದಲನೇ ಮಹಾಯುದ್ಧದಲ್ಲಿ ಅದು ಎಲ್ಲರ ಬಾಯಲ್ಲೂ ಇತ್ತು.

ಸ್ಲ್ಯಾಂಗ್ ಸುಮ್ನೆ ಹಾಳು ಮಾತು ಅನ್ನೋರಿಗೆ 'ಮಾಬ್' (ಪುಂಡರ ಗುಂಪು) ಪದ ತೋರಿಸಿ. ಅದೂ ಲ್ಯಾಟಿನ್ ಮಾತೊಂದರ ಮೊಟಕು ರೂಪ. 1710ರಲ್ಲಿ 'ಗಲಿವರ್ಸ್ ಟ್ರಾವೆಲ್ಸ್' ಬರೆದ ಜೊನಾಥನ್ ಸ್ವಿಫ್ಟ್ ಅದನ್ನು ಬಯ್ದು ಬರೆದರು, ಇವತ್ತು ಎಲ್ಲ ಪತ್ರಿಕೆಗಳಲ್ಲೂ ಇದೆ. 2023ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರು ವರ್ಷದ ಪದವಾಗಿ ಆರಿಸಿದ 'ರಿಜ್' (ಎದುರಿನವರನ್ನು ಸೆಳೆಯುವ ಮೋಡಿ) ಅಷ್ಟು ಕಾಲ ಬಾಳುತ್ತೋ ಇಲ್ವೋ.

ನಿಮ್ಮ ಕೆಲಸಕ್ಕೆ ಬೇಕಾದದ್ದು ಕಡಿಮೆ. ಬ್ರಿಟಿಷರ 'ಚಿಯರ್ಸ್' ಅಂದ್ರೆ ಎಷ್ಟೋ ಸಲ ಥ್ಯಾಂಕ್ಸ್, 'ಲೂ' ಅಂದ್ರೆ ಟಾಯ್ಲೆಟ್, 'ಕ್ವಿಡ್' ಅಂದ್ರೆ ಪೌಂಡ್. ಇವು ಅರ್ಥ ಆದರೆ ಸಾಕು, ಉತ್ತರ ಮಾಮೂಲಿ ಇಂಗ್ಲಿಷಿನಲ್ಲೇ ಕೊಡಿ. ತಿಳಿಯದಿದ್ದರೆ ಅವರನ್ನೇ ಕೇಳಿ. ಆ ಆಸ್ಟ್ರೇಲಿಯಾದ ಹುಡುಗಿ ನಮ್ಮ ಜಗಲಿಯಲ್ಲಿ ಕೂತು ಒಂದು ಪುಟ ತುಂಬಾ ಪದಗಳನ್ನು ಬರೆದುಕೊಟ್ಟಿದ್ದಳು.