ಓದುಗರ ಪ್ರಶ್ನೆ: ಎಂಟೇ ಗಂಟೆಯಲ್ಲಿ ಅಮೆರಿಕ?

ಪ್ರಶ್ನೆ: ಡಿಸೆಂಬರ್‌ನಲ್ಲಿ ಮಗಳ ಬಾಣಂತನಕ್ಕೆಂದು ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದೇನೆ. ಟಿಕೆಟ್ ಪ್ರಕಾರ ಬೆಂಗಳೂರಿನಿಂದ ಬೆಳಗಿನ ಜಾವ 4.30ಕ್ಕೆ ಹೊರಟು, ದುಬೈನಲ್ಲಿ ವಿಮಾನ ಬದಲಿಸಿ, ಅದೇ ದಿನ ಮಧ್ಯಾಹ್ನ 12.50ಕ್ಕೆ ತಲುಪಬೇಕು. ‘ಎಂಟು ಗಂಟೆಯ ದಾರಿಗೆ ಬುತ್ತಿ ಯಾಕೆ?’ ಎನ್ನುತ್ತಾರೆ ನಮ್ಮ ಯಜಮಾನರು. ನಿಜವಾಗಿ ಎಷ್ಟು ದೂರ, ಎಷ್ಟು ಹೊತ್ತು?
– ಓದುಗರೊಬ್ಬರು, ತುಮರಿ

ಉತ್ತರ: ಧಾರಾಳವಾಗಿ ಬುತ್ತಿ ಕಟ್ಟಿಕೊಳ್ಳಿ, ತಾಯಿ. ಟಿಕೆಟ್‌ನಲ್ಲಿ ಹೊರಡುವ ಹೊತ್ತು ನಮ್ಮ ಗಡಿಯಾರದ್ದು, ತಲುಪುವ ಹೊತ್ತು ಅಲ್ಲಿನ ಗಡಿಯಾರದ್ದು. ಚಳಿಗಾಲದಲ್ಲಿ ಆ ಊರು ನಮಗಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಯಜಮಾನರ ಎಂಟು ಗಂಟೆ ಇಪ್ಪತ್ತು ನಿಮಿಷಕ್ಕೆ ಅದನ್ನು ಕೂಡಿಸಿ: 21 ಗಂಟೆ 50 ನಿಮಿಷ. ದುಬೈವರೆಗೆ ಸುಮಾರು ನಾಲ್ಕು ಗಂಟೆ, ಅಲ್ಲಿಂದ ಮುಂದೆ ಹದಿನಾರು, ನಡುವೆ ಕಾಯುವುದು ಎರಡಕ್ಕೆ ಹತ್ತು ನಿಮಿಷ ಕಡಿಮೆ.

ದೂರದ ಲೆಕ್ಕ ಇನ್ನೂ ಸ್ವಾರಸ್ಯದ್ದು. ಬೆಂಗಳೂರಿನಿಂದ ನೇರ ಹಾರಿದರೆ ಸುಮಾರು 14,000 ಕಿಲೋಮೀಟರ್. ದುಬೈ ಸುತ್ತಿದರೆ 2,700 ಮತ್ತು 13,000, ಒಟ್ಟು 15,700. ಪಶ್ಚಿಮದ ದುಬೈಗೆ ಹೋದವರು ಮತ್ತೂ ಪಶ್ಚಿಮಕ್ಕೆ, ಅಟ್ಲಾಂಟಿಕ್ ದಾಟಿ ಹೋಗುತ್ತಾರೆ ಎಂದುಕೊಂಡಿದ್ದೀರಾ? ಗೋಡೆಯ ನಕ್ಷೆಯನ್ನು ನಂಬಬೇಡಿ. ಮೊಮ್ಮಕ್ಕಳ ಗ್ಲೋಬ್ ತೆಗೆದುಕೊಂಡು ದುಬೈ ಮತ್ತು ಸ್ಯಾನ್ ಫ್ರಾನ್ಸಿಸ್ಕೋ ನಡುವೆ ದಾರವನ್ನು ಬಿಗಿಯಾಗಿ ಎಳೆಯಿರಿ. ಅದು ಮೇಲೆ ಸರಿದು ಉತ್ತರ ಧ್ರುವದ ಪಕ್ಕದಲ್ಲೇ ಹಾಯುತ್ತದೆ. ದುಬೈ ಪೂರ್ವ ರೇಖಾಂಶ 55ರಲ್ಲಿದೆ. ಭೂಮಿಯ ಆ ಬದಿಗೆ ಅದಕ್ಕೆ ಸರಿಯಾಗಿ ಎದುರಿರುವುದು ಪಶ್ಚಿಮ 125. ಸ್ಯಾನ್ ಫ್ರಾನ್ಸಿಸ್ಕೋ 122ರಲ್ಲಿದೆ, ಹೆಚ್ಚುಕಡಿಮೆ ಎದುರಿಗೇ. ಅದಕ್ಕೇ ಹತ್ತಿರದ ದಾರಿ ಧ್ರುವದ ಪಕ್ಕದಿಂದ. ಆ ದಿನದ ಗಾಳಿ ನೋಡಿಕೊಂಡು ವಿಮಾನ ಅತ್ತಿತ್ತ ಸರಿಯುವುದುಂಟು. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಧ್ರುವದ ಮೇಲೆ ಹಾರಿ ಬಂದಾಗ ಪತ್ರಿಕೆಗಳೆಲ್ಲ ಬರೆದವಲ್ಲ, ಅದೇ ಬಗೆಯ ದಾರಿ. ಡಿಸೆಂಬರ್‌ನಲ್ಲಿ ಧ್ರುವದ ಬಳಿ ಸೂರ್ಯನೇ ಹುಟ್ಟುವುದಿಲ್ಲ. ಬೆಳಗ್ಗೆ ಹತ್ತಿದ ವಿಮಾನದ ಕಿಟಕಿ ನಡುದಾರಿಯಲ್ಲಿ ಕಪ್ಪಾದರೆ ಗಾಬರಿಯಾಗಬೇಡಿ. ಕೆನಡಾ ದಾಟುತ್ತ ಮತ್ತೆ ಬೆಳಕಾಗುತ್ತದೆ.

ಆದರೆ ದೂರ ಬೇರೆ, ಹೊತ್ತು ಬೇರೆ ಎಂಬುದನ್ನು ತುಮರಿಯವರಿಗೆ ನಾನು ಹೇಳಬೇಕೆ? 2025ರ ಜುಲೈನಲ್ಲಿ ಸೇತುವೆ ಆಗುವ ತನಕ ಎರಡೂವರೆ ಕಿಲೋಮೀಟರ್ ಶರಾವತಿ ಹಿನ್ನೀರು ದಾಟಲು ಅಂಬಾರಗೋಡ್ಲಿನಲ್ಲಿ ಲಾಂಚಿಗೆ ಕಾದವರು ನೀವು. ನಿಮ್ಮ ಪ್ರಯಾಣದಲ್ಲೂ ಹೊತ್ತು ನುಂಗುವುದು ಈ ಕಡೆಯ ದಾರಿಯೇ. ದೇವನಹಳ್ಳಿಯ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಮೂರು ಗಂಟೆ ಮೊದಲೇ, ಅಂದರೆ ರಾತ್ರಿ ಒಂದೂವರೆಗೆ ಇರಬೇಕು. ಸಾಗರ, ಶಿವಮೊಗ್ಗ ದಾಟಿ ಕಾರಿನಲ್ಲಿ ಹೋಗುವುದಾದರೆ ಹಿಂದಿನ ದಿನ ಮಧ್ಯಾಹ್ನದ ಊಟ ಮುಗಿಸಿಯೇ ಹೊರಡಿ. ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಿಂದ ವಿಮಾನ ಸಿಕ್ಕರೆ ಮೈಕೈ ನೋವು ತಪ್ಪುತ್ತದೆ, ಹೊತ್ತು ಉಳಿಯುವುದಿಲ್ಲ. ಬೆಂಗಳೂರಿನಲ್ಲಿ ಇಳಿದು ನಡುರಾತ್ರಿಯವರೆಗೆ ಕೂರಬೇಕು. ಮನೆ ಬಾಗಿಲಿನಿಂದ ಮಗಳ ಬಾಗಿಲಿಗೆ ಒಂದೂವರೆ ದಿನ ಎಂದು ಯಜಮಾನರಿಗೆ ಹೇಳಿಬಿಡಿ.

ಎರಡೂ ವಿಮಾನ ಒಂದೇ ಟಿಕೆಟ್‌ನಲ್ಲಿವೆಯೇ ಎಂದು ಮಗಳನ್ನು ಕೇಳಿ. ಹಾಗಿದ್ದರೆ ದುಬೈನಲ್ಲಿ ಚೀಲ ಹೊರುವ ಕೆಲಸವಿಲ್ಲ. ಇನ್ನು, ಮಾರ್ಚ್ ಎರಡನೇ ಭಾನುವಾರ ಅಲ್ಲಿನವರು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಅಂದಿನಿಂದ ಮನೆಗೆ ಫೋನ್ ಮಾಡುವಾಗ ಹನ್ನೆರಡೂವರೆ ಗಂಟೆ ಕೂಡಿಸಿಕೊಳ್ಳಿ.