ಪೋಷಕರಿಗೆ ಶಾಲೆ ಬರೆಯುವ ಪತ್ರದಲ್ಲಿ ಏನಿರಬೇಕು?

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯೊಂದರ ಮುಖ್ಯ ಶಿಕ್ಷಕಿ. ಪ್ರತಿ ಅವಧಿಯ ಕೊನೆಯಲ್ಲಿ ಪೋಷಕರಿಗೆ ಪತ್ರ ಕಳುಹಿಸುತ್ತೇವೆ. ನಡೆದ ಕಾರ್ಯಕ್ರಮಗಳ ವರದಿ, ಬಹುಮಾನ ಪಡೆದವರ ಹೆಸರು, ಛಾಯಾಚಿತ್ರಗಳು ಹಾಗೂ ಆಯಾ ಮಗುವಿನ ಶ್ರೇಣಿ ಪಟ್ಟಿ ಅದರಲ್ಲಿರುತ್ತವೆ. ಇಷ್ಟಾದರೂ ಪೋಷಕರ ಸಭೆಯಲ್ಲಿ ಬಹುತೇಕರು ಕೇಳುವುದು, "ನಮ್ಮ ಮಗು ತರಗತಿಯಲ್ಲಿ ಎಷ್ಟನೇ ಸ್ಥಾನದಲ್ಲಿದೆ?" ಎಂದು ಮಾತ್ರ. ಈ ಪತ್ರವನ್ನು ಹೇಗೆ ತಿದ್ದಬೇಕು?

ಉತ್ತರ: ಪೋಷಕರು ಸ್ಥಾನವನ್ನೇ ಕೇಳುವುದಕ್ಕೆ ಅವರ ಆಸಕ್ತಿಯ ಕೊರತೆ ಕಾರಣವೆಂದು ನನಗೆ ಅನ್ನಿಸುವುದಿಲ್ಲ. ನೀವು ಕಳುಹಿಸುವ ಪತ್ರದಲ್ಲಿ ಅವರ ಮಗುವಿಗೇ ಸಂಬಂಧಿಸಿದ್ದು ಶ್ರೇಣಿಯೊಂದೇ. ಕೈಗೆ ಸಿಕ್ಕ ಆ ಒಂದೇ ಅಕ್ಷರದಿಂದ ಅರ್ಥ ಹೊರಡಿಸಬೇಕಾದಾಗ, ಅದನ್ನು ಪಕ್ಕದ ಮಗುವಿನ ಅಕ್ಷರದೊಂದಿಗೆ ಹೋಲಿಸುವುದು ಬಿಟ್ಟರೆ ಅವರಿಗೆ ಬೇರೆ ದಾರಿಯಿಲ್ಲ. ಆದ್ದರಿಂದ ಮೊದಲು ತಿದ್ದಬೇಕಾದದ್ದು ಪ್ರಗತಿಯನ್ನು ಹೇಳುವ ಭಾಗವನ್ನು.

ಶಿಕ್ಷಣ ಸಂಶೋಧಕರಾದ ಜಾನ್ ಹ್ಯಾಟಿ ಮತ್ತು ಹೆಲೆನ್ ಟಿಂಪರ್ಲಿ 2007ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಕಲಿಯುವವರಿಗೆ ತಮ್ಮ ಕೆಲಸದ ಬಗ್ಗೆ ಸಿಗುವ ಹಿಮ್ಮಾಹಿತಿ (ಫೀಡ್‌ಬ್ಯಾಕ್) ಮೂರು ಪ್ರಶ್ನೆಗಳಿಗೆ ಉತ್ತರಿಸಬೇಕೆಂದು ಹೇಳಿದ್ದಾರೆ: ತಲುಪಬೇಕಾದದ್ದು ಎಲ್ಲಿಗೆ, ಈಗ ಎಲ್ಲಿದ್ದೇವೆ, ಮುಂದಿನ ಹೆಜ್ಜೆ ಯಾವುದು. ಮನೆಗೆ ಹೋಗುವ ಪತ್ರಕ್ಕೂ ಇವೇ ಮೂರು ಪ್ರಶ್ನೆಗಳು ಸಾಕು. "ಗಣಿತ: ಸಾಧಾರಣ" ಎಂಬ ಷರಾ ಇವುಗಳಲ್ಲಿ ಒಂದಕ್ಕೂ ಉತ್ತರಿಸುವುದಿಲ್ಲ. ಅದೇ ಜಾಗದಲ್ಲಿ ಶಿಕ್ಷಕರು ಹೀಗೆ ಬರೆಯಬಹುದು: "ಎರಡಂಕಿಯ ಸಂಖ್ಯೆಗಳನ್ನು ತಪ್ಪಿಲ್ಲದೆ ಕೂಡಿಸುತ್ತಾಳೆ. ಕಳೆಯುವಾಗ ಮಾತ್ರ ಬಿಡಿಸ್ಥಾನದಲ್ಲಿ ದೊಡ್ಡ ಅಂಕಿಯಿಂದ ಚಿಕ್ಕದನ್ನೇ ಕಳೆಯುವುದರಿಂದ 52ರಲ್ಲಿ 27 ಹೋದರೆ 35 ಎಂದು ಬರೆಯುತ್ತಾಳೆ. ದಶಕ ಬಿಡಿಸಿ ಕಳೆಯುವುದನ್ನು ಹತ್ತರ ಕಟ್ಟುಗಳನ್ನು ಬಳಸಿ ಈ ತಿಂಗಳು ಕಲಿಸುತ್ತಿದ್ದೇವೆ; ಮನೆಯಲ್ಲಿಯೂ ಕಡ್ಡಿಗಳನ್ನು ಹತ್ತರಂತೆ ಕಟ್ಟಿ, ಬಿಚ್ಚಿ ಎಣಿಸಲು ಹೇಳಿ." ಇಷ್ಟನ್ನು ಓದಿದ ತಂದೆಯೋ ತಾಯಿಯೋ ಸಭೆಗೆ ಬಂದಾಗ ಸ್ಥಾನವನ್ನು ಕೇಳುವ ಬದಲು ಕಡ್ಡಿಗಳ ವಿಷಯವನ್ನು ಮಾತನಾಡುವ ಸಾಧ್ಯತೆ ಹೆಚ್ಚು.

ಓದಿನ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಫಿಲಿಪ್ ಗಾಫ್ ಮತ್ತು ವಿಲಿಯಂ ಟನ್ಮರ್ 1986ರಲ್ಲಿ ಮುಂದಿಟ್ಟ ವಿವರಣೆಯ ಪ್ರಕಾರ, ಓದಿ ಗ್ರಹಿಸುವ ಸಾಮರ್ಥ್ಯವು ಅಕ್ಷರಗಳನ್ನು ಕೂಡಿಸಿ ಪದವನ್ನು ಗುರುತಿಸುವುದು ಮತ್ತು ಕೇಳಿದ ಭಾಷೆಯನ್ನು ಅರ್ಥಮಾಡಿಕೊಳ್ಳುವುದು ಎಂಬ ಎರಡರ ಗುಣಲಬ್ಧ. ಒಂದು ಶೂನ್ಯವಾದರೆ ಇನ್ನೊಂದು ಎಷ್ಟಿದ್ದರೂ ಫಲವಿಲ್ಲ. ಒತ್ತಕ್ಷರ ಬಂದಲ್ಲೆಲ್ಲ ತಡವರಿಸುವ, ಆದರೆ ಕಥೆಯನ್ನು ಓದಿ ಹೇಳಿದರೆ ಪೂರ್ತಿ ಅರ್ಥಮಾಡಿಕೊಳ್ಳುವ ಮಗುವಿಗೂ, ಸರಾಗವಾಗಿ ಓದಿ ಮುಗಿಸಿ ಏನು ಓದಿದೆನೆಂದು ಹೇಳಲಾರದ ಮಗುವಿಗೂ ಬೇಕಾದ ಸಹಾಯ ಬೇರೆ ಬೇರೆ. ಇಬ್ಬರ ಪತ್ರದಲ್ಲೂ "ಓದು ಸುಧಾರಿಸಬೇಕು" ಎಂದೇ ಬರೆದರೆ ಇಬ್ಬರ ಮನೆಯವರೂ ಪಾಠವನ್ನು ಹತ್ತು ಸಲ ಓದಿಸುತ್ತಾರೆ, ಅಷ್ಟೆ.

ಶ್ರೇಣಿ ಮತ್ತು ಷರಾ ಎರಡನ್ನೂ ಒಟ್ಟಿಗೆ ಕೊಟ್ಟರೆ ಆಗದೇ ಎಂದು ನೀವು ಕೇಳಬಹುದು. ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬರವಣಿಗೆಯ ಷರಾ ಮಾತ್ರ ಪಡೆದ ಮಕ್ಕಳ ಆಸಕ್ತಿ ಮತ್ತು ಸಾಧನೆ ಉಳಿದವರಿಗಿಂತ ಚೆನ್ನಾಗಿದ್ದವು. ಅಂಕದ ಜೊತೆಗೆ ಷರಾ ಪಡೆದವರಿಗೆ ಅಂತಹ ಲಾಭ ಕಾಣಲಿಲ್ಲ. ಅಂಕ ಕಂಡ ಕೂಡಲೇ ಗಮನವೆಲ್ಲ ಅದರ ಕಡೆಗೆ ಹೋಗುತ್ತದೆ. ನಿಯಮದ ಪ್ರಕಾರ ಶ್ರೇಣಿಯನ್ನು ತಿಳಿಸಲೇಬೇಕಿದ್ದರೆ, ವಿವರಣೆಯ ಪತ್ರವನ್ನು ಮೊದಲು ಕಳುಹಿಸಿ, ಕೆಲವು ದಿನಗಳ ನಂತರ ಶ್ರೇಣಿ ಪಟ್ಟಿಯನ್ನು ಕೊಡಿ.

ಅವಧಿಯ ಕೊನೆಯವರೆಗೆ ಕಾಯುವುದೂ ಸರಿಯಲ್ಲ. ಮ್ಯಾಥ್ಯೂ ಕ್ರಾಫ್ಟ್ ಮತ್ತು ಟಾಡ್ ರಾಜರ್ಸ್ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಿಕ್ಷಕರು ವಾರಕ್ಕೊಮ್ಮೆ ಪೋಷಕರಿಗೆ ಒಂದೇ ವಾಕ್ಯದ ಸಂದೇಶ ಕಳುಹಿಸಿದ್ದರು. ತೇರ್ಗಡೆಯಾಗದೆ ಉಳಿಯುವವರ ಪ್ರಮಾಣ ಗಮನಾರ್ಹವಾಗಿ ಇಳಿಯಿತು, ಮತ್ತು ಹೊಗಳಿಕೆಯ ಸಂದೇಶಗಳಿಗಿಂತ ಏನನ್ನು ಸುಧಾರಿಸಿಕೊಳ್ಳಬೇಕೆಂದು ಹೇಳಿದವೇ ಹೆಚ್ಚು ಫಲ ಕೊಟ್ಟವು. ಅದು ಪ್ರೌಢಶಾಲಾ ಹಂತದ ಅಧ್ಯಯನ. ಆದರೂ ಸುಧಾರಿಸಲು ಸಮಯವಿರುವಾಗಲೇ ಮಾತು ಮನೆಗೆ ತಲುಪಬೇಕೆಂಬುದು ಚಿಕ್ಕ ಮಕ್ಕಳ ವಿಷಯದಲ್ಲೂ ನಿಜವೆಂದೇ ನನ್ನ ನಂಬಿಕೆ.

ಇನ್ನು ಶಾಲೆಯ ದಿನಚರಿಯ ಭಾಗ. ಮುಗಿದ ಕಾರ್ಯಕ್ರಮದ ವರದಿಗಿಂತ ಬರಲಿರುವ ತಿಂಗಳ ಕಲಿಕೆಯ ಮುನ್ಸೂಚನೆ ಪೋಷಕರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. "ಮೂರನೇ ತರಗತಿಯವರು ಬೀಜ ಮೊಳೆಯುವುದನ್ನು ಪ್ರತಿದಿನ ಅಳೆದು ಬರೆಯುತ್ತಿದ್ದಾರೆ, ನಿನ್ನ ಗಿಡ ಇವತ್ತು ಎಷ್ಟು ಬೆಳೆದಿದೆ ಎಂದು ಕೇಳಿ" ಎಂಬ ಸಾಲಿದ್ದರೆ, "ಇವತ್ತು ಶಾಲೆಯಲ್ಲಿ ಏನಾಯಿತು" ಎಂದರೆ "ಏನೂ ಇಲ್ಲ" ಎನ್ನುವ ಮಗುವೂ ಮಾತಿಗೆ ತೊಡಗುತ್ತದೆ. ಬಹುಮಾನಿತರ ಪಟ್ಟಿಯಲ್ಲಿ ಪ್ರತಿ ಸಲವೂ ಅವೇ ಕೆಲವು ಹೆಸರುಗಳು ಬರುತ್ತಿದ್ದರೆ ಉಳಿದ ಮನೆಗಳಿಗೆ ಆ ಪುಟ ತಮ್ಮದೆನ್ನಿಸುವುದಿಲ್ಲ. ಅದನ್ನು ಕೈಬಿಟ್ಟು ತರಗತಿಯ ಕೆಲಸದ ಮಾದರಿಗಳನ್ನು ಹಾಕಿ. ಛಾಯಾಚಿತ್ರಗಳಿಗೆ ಮನೆಯವರ ಒಪ್ಪಿಗೆ ಪಡೆಯಿರಿ, ಮತ್ತು ಒಂದು ಮಗುವಿನ ಕಷ್ಟವು ಎಲ್ಲರಿಗೂ ಹೋಗುವ ಪತ್ರದಲ್ಲಿ ಹೆಸರಿಲ್ಲದೆಯೂ ಗುರುತು ಸಿಗುವಂತೆ ಬರದಿರಲಿ.

ಇನ್ನೊಂದು ವಿಷಯವನ್ನು ಹೇಳಲೇಬೇಕು. ಓದಲು ಬಾರದ ಅಥವಾ ಶಾಲೆಯ ಭಾಷೆ ತಿಳಿಯದ ಪೋಷಕರಿಗೆ ಪತ್ರವನ್ನು ಓದಿ ಹೇಳುವ ಕೆಲಸ ಆ ಮಗುವಿನ ಮೇಲೆಯೇ ಬೀಳುತ್ತದೆ. ತನ್ನ ಕೊರತೆಯನ್ನು ತಾನೇ ಅಪ್ಪ ಅಮ್ಮನ ಮುಂದೆ ಗಟ್ಟಿಯಾಗಿ ಓದಬೇಕಾದ ಮಗು ಒಂದೋ ನೋಯುತ್ತದೆ, ಇಲ್ಲವೇ ಓದುವಾಗ ಬದಲಾಯಿಸುತ್ತದೆ. ಅಂತಹ ಮನೆಗಳಿಗೆ ಶಿಕ್ಷಕರು ಅವರ ಭಾಷೆಯಲ್ಲಿ ಧ್ವನಿ ಸಂದೇಶ ಕಳುಹಿಸುವುದು ಅಥವಾ ನೇರವಾಗಿ ಮಾತನಾಡುವುದು ಉತ್ತಮ.

ಪ್ರಶ್ನೆ: ಎರಡನೇ ತರಗತಿಯಲ್ಲಿರುವ ನನ್ನ ಮಗನ ಪ್ರಗತಿ ಪತ್ರದಲ್ಲಿ "ಉತ್ತಮ, ಇನ್ನೂ ಗಮನ ಬೇಕು" ಎಂದಷ್ಟೇ ಬರೆದಿದ್ದಾರೆ. ಇದನ್ನು ಹೇಗೆ ತಿಳಿಯಬೇಕು?

ಉತ್ತರ: ಈ ಒಂದು ಸಾಲಿನಿಂದ ಏನನ್ನೂ ತೀರ್ಮಾನಿಸಬೇಡಿ, ಅದರ ಆಧಾರದ ಮೇಲೆ ಮಗನನ್ನು ಗದರಿಸಲೂ ಹೋಗಬೇಡಿ. ಶಿಕ್ಷಕರನ್ನು ಭೇಟಿಯಾಗಿ, ಅವಧಿಯ ಆರಂಭದ ಒಂದು ಪುಟವನ್ನೂ ಈಗಿನ ಒಂದು ಪುಟವನ್ನೂ ಅಕ್ಕಪಕ್ಕ ಇಟ್ಟು ತೋರಿಸುವಂತೆ ವಿನಂತಿಸಿಕೊಳ್ಳಿ. ಬದಲಾವಣೆ ಆಗಿದೆಯೋ ಇಲ್ಲವೋ ನಿಮ್ಮ ಕಣ್ಣಿಗೇ ಕಾಣುತ್ತದೆ. ಅನಂತರ "ಗಮನ ಬೇಕು" ಎಂದರೆ ಯಾವ ಹೊತ್ತಿನಲ್ಲಿ, ಯಾವ ಕೆಲಸದಲ್ಲಿ ಎಂದು ಕೇಳಿ. ಬರೆಯುವಾಗ ಮಾತ್ರ ಗಮನ ತಪ್ಪುವುದಿದ್ದರೆ ಬರವಣಿಗೆಯೇ ಅವನಿಗೆ ಕಷ್ಟವಾಗಿರಬಹುದು. ಕಪ್ಪುಹಲಗೆಯಿಂದ ನಕಲು ಮಾಡುವಾಗ ತಪ್ಪುವುದಿದ್ದರೆ ಕಣ್ಣಿನ ಪರೀಕ್ಷೆ ಮಾಡಿಸಿ. ಕರೆದರೂ ತಿರುಗದಿದ್ದರೆ ಕಿವಿಯ ಪರೀಕ್ಷೆಯೂ ಆಗಲಿ. ಭೇಟಿ ಮುಗಿಯುವ ಮೊದಲು, ಮುಂದಿನ ತಿಂಗಳು ಮನೆಯಲ್ಲಿ ಮಾಡಬೇಕಾದ ಒಂದೇ ಒಂದು ಕೆಲಸವನ್ನು ಶಿಕ್ಷಕರಿಂದ ಬರೆಸಿಕೊಂಡು, ಅದನ್ನು ಒಟ್ಟಿಗೆ ನೋಡಲು ಮತ್ತೆ ಯಾವಾಗ ಬರಬೇಕೆಂದು ಗೊತ್ತುಮಾಡಿಕೊಳ್ಳಿ.